ಕಫದ ಡಬ್ಬಿ ಹೋಗುವ ದಾರಿ

ಸಂತೆಯ ದಿನ ಆಸ್ಪತ್ರೆಗೆ ಜನ ಹೆಚ್ಚು. ಮಧುಗಿರಿ ದಾಟಿ ಪಾವಗಡದ ಕಡೆ ಹೊರಳುವ ರಸ್ತೆಯ ಈ ಹೋಬಳಿ ಊರಿಗೆ ಆ ದಿನ ಸುತ್ತಲಿನ ಹಳ್ಳಿಗಳವರೆಲ್ಲ ಬರುತ್ತಾರೆ. ಹುಣಸೆಹಣ್ಣು ಮಾರಿ, ಈರುಳ್ಳಿ ಮೆಣಸಿನಕಾಯಿ ಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಡೆ ಒಂದು ಸುತ್ತು ಹಾಕುತ್ತಾರೆ. ಮಂಡಿನೋವಿನವರು, ಬಿಪಿ ಮಾತ್ರೆ ಮುಗಿದವರು, ನಾಯಿ ಕಚ್ಚಿಸಿಕೊಂಡ ಹುಡುಗ, ಸೂಜಿ ಕಾಣುವ ಮೊದಲೇ ಅಳು ಶುರುಮಾಡಿದ ಕೂಸುಗಳು. ವರಾಂಡದ ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದಾರೆ. ಈ ಗದ್ದಲದೊಳಗೆ ಕೆಮ್ಮು ಬೇರೆಯಾಗಿ ಕೇಳುವುದೇ ಇಲ್ಲ. ಮಾಗಿಯ ಚಳಿ ಪೂರ್ತಿ ಹೋಗಿಲ್ಲ, ಕಣದ ಧೂಳು ಇನ್ನೂ ಮೂಗಿನಲ್ಲಿದೆ. ಈ ದಿನಗಳಲ್ಲಿ ಯಾರು ಕೆಮ್ಮುವುದಿಲ್ಲ?

ವೈದ್ಯಾಧಿಕಾರಿ ಮೂವತ್ತು ದಾಟದ ಹೆಣ್ಣುಮಗಳು. ಮಧ್ಯಾಹ್ನದೊಳಗೆ ನೂರರ ಹತ್ತಿರ ಚೀಟಿ ನೋಡಬೇಕು. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಅದೇ ದೊಡ್ಡದು. ನಲವತ್ತರ ಆಸುಪಾಸಿನ ಗಂಡಸೊಬ್ಬ ಸ್ಟೂಲಿನ ತುದಿಯಲ್ಲಿ ಕೂತ.

“ಏನಣ್ಣಾ?”

“ಕೆಮ್ಮು ಮೇಡಂ. ಒಂದು ಬಾಟ್ಲಿ ಬರ್ಕೊಡಿ, ಸಾಕು.”

ಬಾಟಲಿ ಬರೆಯಲು ಹತ್ತು ಸೆಕೆಂಡು ಬೇಕು. ಹಿಂದಿನವರ ಚೀಟಿ ಆಗಲೇ ಮೇಜಿಗೆ ಬಂದಿದೆ. ಆಕೆ ಪೆನ್ನು ಎತ್ತಿ ಹಿಡಿದೇ ಕೇಳಿದರು: “ಎಷ್ಟು ದಿನದಿಂದ?”

“ಇರ್ಬೌದು… ಸಂಕ್ರಾಂತಿ ಆದ್ಮೇಲಿಂದ.”

ನಾಳಿದ್ದು ಶಿವರಾತ್ರಿ.

“ಸಾಯಂಕಾಲ ಮೈ ಬಿಸಿ ಆಗುತ್ತಾ? ಊಟ ಸೇರುತ್ತಾ? ತೂಕ?” ತೂಕದ ಪ್ರಶ್ನೆಗೆ ಆತ ಬಾಯಿಬಿಡಲಿಲ್ಲ. ಅಂಗಿ ಎತ್ತಿ, ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತು ತೋರಿಸಿದ.

ಎರಡು ವಾರ ಮೀರಿದ ಕೆಮ್ಮು, ಇಳಿಹೊತ್ತಿನ ಜ್ವರ, ಇಳಿಯುತ್ತಿರುವ ತೂಕ, ರಾತ್ರಿ ಬೆವರು. ಇವುಗಳಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆಗೆ ಕಳಿಸಬೇಕು ಎನ್ನುವುದು ಸರ್ಕಾರಿ ನಿಯಮ. ನಿಯಮದ ಪಟ್ಟಿ ಗೋಡೆಯ ಮೇಲೂ ಇದೆ, ಕ್ಯಾಲೆಂಡರಿನ ಪಕ್ಕ. ಆದರೆ ನೂರು ಚೀಟಿಯ ನಡುವೆ “ಎಷ್ಟು ದಿನದಿಂದ” ಎಂದು ಕೇಳುವ ಮನಸ್ಸಿಗೆ ಗೋಡೆಯ ಪಟ್ಟಿಯಿಂದ ಹೆಚ್ಚು ನೆರವು ಸಿಗುವುದಿಲ್ಲ. ಆತ ಇಲ್ಲಿಗೆ ಬರುವ ಮೊದಲು ಎರಡು ಸಲ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಿದ್ದಾನೆ. ಊರ ಹತ್ತಿರದ ಸೂಜಿ ಡಾಕ್ಟರ ಬಳಿ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡಿದ್ದಾನೆ. ನಾಲ್ಕು ದಿನ ಕೆಮ್ಮು ತಗ್ಗಿತ್ತಂತೆ. ಈ ತಗ್ಗುವುದೇ ತೊಂದರೆ. ಮಾಮೂಲಿ ಸೋಂಕಿಗೆಂದು ಕೊಡುವ ಕೆಲವು ಆಂಟಿಬಯೋಟಿಕ್‌ಗಳು ಕ್ಷಯದ ರೋಗಾಣುವನ್ನೂ ಅರೆಬರೆ ಹೊಡೆಯುತ್ತವೆ. ರೋಗ ಹೋಗುವುದಿಲ್ಲ, ಲಕ್ಷಣ ಮಾತ್ರ ಕೆಲವು ದಿನ ತಲೆ ತಗ್ಗಿಸುತ್ತದೆ. ಅಷ್ಟರಲ್ಲಿ ಮನೆಯ ಮಂದಿ ಅದೇ ಕೋಣೆಯ ಗಾಳಿ ಉಸಿರಾಡಿರುತ್ತಾರೆ. ಚಿಕಿತ್ಸೆಯಿಲ್ಲದ ಶ್ವಾಸಕೋಶದ ಕ್ಷಯರೋಗಿಯೊಬ್ಬರಿಂದ ವರ್ಷದಲ್ಲಿ 10ರಿಂದ 15 ಜನಕ್ಕೆ ಸೋಂಕು ತಗಲಬಹುದು ಎನ್ನುವುದು ಕ್ಷಯ ವಿಭಾಗದವರು ಎಲ್ಲ ಸಭೆಗಳಲ್ಲೂ ಹೇಳುವ ಲೆಕ್ಕ.

ಕ್ಷಯರೋಗದ ಚರಿತ್ರೆಯಲ್ಲಿ ತುಮಕೂರು ಜಿಲ್ಲೆಗೆ ಒಂದು ಜಾಗವಿದೆ. ಜಿಲ್ಲೆಯವರೇ ಅದನ್ನು ಅಷ್ಟಾಗಿ ಅರಿಯರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದಾಗ, ಇಡೀ ದೇಶಕ್ಕೆ ಹೊಂದುವ ಕಾರ್ಯಕ್ರಮ ರೂಪಿಸುವ ಹೊಣೆ ಅದರ ಮೇಲಿತ್ತು. ಹಳ್ಳಿಯ ಜನಕ್ಕೆ ತಿಳಿವಳಿಕೆ ಸಾಲದು, ರೋಗ ಬಂದರೂ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ ಎಂಬುದು ಆಗ ತಿಳಿದವರೆಲ್ಲ ಆಡುತ್ತಿದ್ದ ಮಾತು. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ ರೋಗಿಗಳನ್ನು ಗುರುತಿಸಿದರು. ಅವರ ಹಿಂದೆಯೇ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಬೇರೊಂದು ಕೆಲಸ ಹಿಡಿದರು. ಆ ರೋಗಿಗಳ ಮನೆಗೇ ಜನ ಕಳಿಸಿ ಮಾತಾಡಿಸಿದರು: ಮೈಗೆ ಏನೋ ಆಗಿದೆ ಅಂತ ಗೊತ್ತಿತ್ತಾ? ಚಿಂತೆ ಆಗಿತ್ತಾ? ಏನು ಮಾಡಿದಿರಿ?

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಉತ್ತರ ಯಾರೂ ಎಣಿಸಿದಂತಿರಲಿಲ್ಲ. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಸಮೀಕ್ಷೆಯವರು ಬರುವ ಮುಂಚೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕದ್ದು ಕೆಮ್ಮಿನ ಔಷಧಿಯ ಬಾಟಲಿ. ತನ್ನ ಹಳ್ಳಿಯಿಂದ ಮೈಲಿಗಟ್ಟಲೆ ನಡೆದು ಬಂದ ರೋಗಿ, ರೋಗ ಪತ್ತೆಯಾಗದೆ ಔಷಧಿ ಹಿಡಿದು ವಾಪಸು ನಡೆದಿದ್ದ. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಪ್ರತ್ಯೇಕ ಕ್ಷಯ ಆಸ್ಪತ್ರೆಗಳಲ್ಲಿ ಕೂಡಿಹಾಕದೆ, ಮಾಮೂಲಿ ಸರ್ಕಾರಿ ಆಸ್ಪತ್ರೆಗಳ ಒಳಕ್ಕೆ ತಂದದ್ದರ ಹಿಂದೆ ಅಚ್ಚಾಗುವ ಮೊದಲೇ ಸಿಕ್ಕಿದ್ದ ತುಮಕೂರಿನ ಈ ಪಾಠವಿತ್ತು. ನನ್ನ ಮಟ್ಟಿಗೆ ನಮ್ಮ ಸಾರ್ವಜನಿಕ ಆರೋಗ್ಯದ ಬರಹಗಳಲ್ಲಿ ಇದರಷ್ಟು ಚುಚ್ಚುವ ಇನ್ನೊಂದಿಲ್ಲ. ತಪ್ಪನ್ನು ರೋಗಿಯ ತಲೆಗೆ ಕಟ್ಟುವ ಮೊದಲು ನಮ್ಮ ಹೊರರೋಗಿ ವಿಭಾಗದ ಮೇಜನ್ನು ನೋಡಿ ಎಂದು ಅದು ಹೇಳಿತ್ತು. ಅರುವತ್ತು ವರ್ಷದ ಮೇಲೆಯೂ ಆ ಮೇಜಿನ ಮುಂದೆ ಬಂದು ಕೂತವನು ಮೊದಲು ಕೇಳುವುದು ಬಾಟಲಿಯನ್ನೇ. ಅಷ್ಟರ ಮಟ್ಟಿಗೆ ನಾವೇ ಅವನಿಗೆ ಅಭ್ಯಾಸ ಮಾಡಿಸಿದ್ದೇವೆ.

ಇವತ್ತು ಅವನಿಗೆ ಸಿಕ್ಕದ್ದು ಎರಡು ಪ್ಲಾಸ್ಟಿಕ್ ಡಬ್ಬಿ. ತಿರುಪಿನ ಮುಚ್ಚಳ, ಪಾರದರ್ಶಕ ಮೈ. ಲ್ಯಾಬ್ ಟೆಕ್ನಿಷಿಯನ್ ಅವನನ್ನು ಕಟ್ಟಡದ ಹಿಂದಿನ ಹೊಂಗೆ ಮರದಡಿ ಕರೆದುಕೊಂಡು ಹೋದರು. ಮುಚ್ಚಿದ ಕೋಣೆಯಲ್ಲಿ, ಶೌಚಾಲಯದಲ್ಲಿ ಕಫ ತೆಗೆಸಬಾರದು. ಗಾಳಿ ಬೆಳಕು ಆಡುವ ಬಯಲೇ ಸರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ತಾವು ಹಿಂದೆ ನಿಂತರು.

“ಮೊದ್ಲು ನೀರಲ್ಲಿ ಬಾಯಿ ಮುಕ್ಕಳ್ಸಿ. ಉಸಿರು ಎಳ್ಕೊಳ್ಳಿ… ಇನ್ನೂ… ಹಿಡ್ಕೊಳ್ಳಿ. ಈಗ ಎದೆಯಿಂದ ಕೆಮ್ಮಿ. ಎಂಜಲು ಬೇಡ ಯಜಮಾನ್ರೇ, ಒಳಗಿಂದು ಬರ್ಬೇಕು.”

ಮೊದಲ ಸಲ ನೊರೆ ಬಂತು. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿ ಇನ್ನೊಂದು ಕೊಟ್ಟರು. ಎರಡನೆಯ ಸಲಕ್ಕೆ ಆತ ಹೊಂಗೆಯ ಕಾಂಡಕ್ಕೆ ಕೈಯೂರಿ ಬಗ್ಗಿ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ತಳದಲ್ಲಿ ಹಳದಿ ಗಟ್ಟಿ ಕಫ. ದೇಶದ ಯಾವ ದೊಡ್ಡ ಯಂತ್ರವೂ ಈ ಡಬ್ಬಿಯೊಳಗೆ ಇದ್ದದ್ದನ್ನೇ ಹೇಳಬೇಕು. ಎಂಜಲು ಕೊಟ್ಟರೆ ಅದು ಎಂಜಲಿನ ಫಲಿತಾಂಶ ಕೊಡುತ್ತದೆ. ಹೊಂಗೆ ಮರದಡಿಯ ಈ ಐದು ನಿಮಿಷದ ಪಾಠಕ್ಕೆ ಯಾವ ಬಜೆಟ್ಟಿನಲ್ಲೂ ಶೀರ್ಷಿಕೆಯಿಲ್ಲ. ಮಾಡುವವರು ಮಾಡುತ್ತಾರೆ, ಉಳಿದವರು ಡಬ್ಬಿ ಕೊಟ್ಟು ಕಳಿಸುತ್ತಾರೆ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಜನ ಓಡಾಡುವ ಕಡೆ ಕ್ಯಾಕರಿಸಿ ಉಗುಳು ಅಂದರೆ ಯಾವ ಹೆಣ್ಣುಮಗಳು ಉಗುಳುತ್ತಾಳೆ? ಹೆಂಗಸರ ಡಬ್ಬಿಗಳಲ್ಲಿ ಎಂಜಲೇ ಹೆಚ್ಚು ಬರುತ್ತದೆ ಎಂದು ಟೆಕ್ನಿಷಿಯನ್ ಹೇಳಿದರು. ಅದಕ್ಕೆ ಆಶಾ ಕಾರ್ಯಕರ್ತೆಯರು ಅವರನ್ನು ಗೋಡೆಯ ಮರೆಗೆ ಕರೆದೊಯ್ದು ಜೊತೆಗೆ ತಾವೂ ಒಮ್ಮೆ ಕೆಮ್ಮಿ ತೋರಿಸುತ್ತಾರೆ. ಬೆಂಚಿನ ತುದಿಯಲ್ಲಿ ಆಶಾ ಒಬ್ಬರು ಅಜ್ಜಿಯೊಬ್ಬರಿಗೆ ಬೆಳಗಿನ ಕಫದ ಪಾಠ ಹೇಳುತ್ತಿದ್ದರು: “ಎದ್ದ ತಕ್ಷಣ ಅಜ್ಜಿ. ಎಲೆ ಅಡಿಕೆ ಬಾಯಿಗೆ ಹಾಕೋಕೆ ಮುಂಚೆ. ಹೋದ್ಸಲ ಕೆಂಪಗೆ ತಂದ್ಕೊಟ್ರಿ, ರಕ್ತ ಅಂತ ನಮ್ಮೆದೆ ಒಡೆದೋಯ್ತು.” ಅಜ್ಜಿ ನಕ್ಕರು. ಸುಣ್ಣದ ಡಬ್ಬಿ ಸೊಂಟದಲ್ಲೇ ಇತ್ತು.

ಲ್ಯಾಬು ಎಂದರೆ ಒಂದು ಕಿಟಕಿ, ಒಂದು ಸಿಂಕು, ಉದ್ದನೆಯ ಕಡಪ ಕಲ್ಲು. ಗಾಜಿನ ಪಟ್ಟಿಯ ಮೇಲೆ ಕಫ ತೆಳ್ಳಗೆ ಹರಡಿ, ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಎಂಬ ಕಡುಗೆಂಪು ಬಣ್ಣ ಸುರಿದು ಕೆಳಗಿನಿಂದ ಉರಿ ತೋರಿಸುತ್ತಾರೆ. ಹಬೆ ಏಳಬೇಕು, ಕುದಿಯಬಾರದು. ಫಿನಾಯಿಲಿನ ಹತ್ತಿರದ ವಾಸನೆ ಕೋಣೆ ತುಂಬುತ್ತದೆ. ಆಮೇಲೆ ಗಂಧಕಾಮ್ಲದಿಂದ ತೊಳೆದರೆ ಎಲ್ಲದರ ಬಣ್ಣವೂ ಬಿಟ್ಟುಹೋಗುತ್ತದೆ, ಕ್ಷಯದ ರೋಗಾಣುವಿನದು ಬಿಡುವುದಿಲ್ಲ. ಅದರ ಮೈಮೇಲಿನ ಮೇಣದಂಥ ಪದರ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ನೀಲಿ. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಈ ರೋಗಾಣುವನ್ನು ತೋರಿಸಿದ ಕೆಲವೇ ವರ್ಷಗಳಲ್ಲಿ ರೂಢಿಗೆ ಬಂದ ಈ ವಿಧಾನ ಇಂದಿಗೂ ನಮ್ಮ ಹೋಬಳಿಗಳಲ್ಲಿ ಜೀವಂತ. ಟೆಕ್ನಿಷಿಯನ್ ಹಳೆಯದೊಂದು ಗಾಜುಪಟ್ಟಿ ಇಟ್ಟು ನನಗೂ ತೋರಿಸಿದರು. ನೀಲಿ ಇಳಕಲ್ಲಿನಿಂದ ಒಂದೆರಡು ಕೆಂಪು ನೂಲು ಕಿತ್ತು ಚೆಲ್ಲಿದಂತಿತ್ತು. ಇಷ್ಟೇ ಇಷ್ಟು.

ನೂರು ಕ್ಷೇತ್ರ ನೋಡದೆ “ಇಲ್ಲ” ಎಂದು ಬರೆಯುವಂತಿಲ್ಲ. ಅಂದರೆ ಗಾಜುಪಟ್ಟಿಯನ್ನು ನೂರು ಸಲ ಸರಿಸಿ, ನೂರು ಸಲ ಕಣ್ಣು ಕೀಲಿಸಬೇಕು. ನಮ್ಮವನ ಕಫವನ್ನು ಅವರು ಹಾಗೆಯೇ ನೋಡಿದರು. ಹೊರಗೆ ಸಂತೆಯ ಮೈಕು ಬೆಡ್‌ಶೀಟ್ ಬೆಲೆ ಕೂಗುತ್ತಿತ್ತು. ಕೊನೆಗೆ ತಲೆಯೆತ್ತಿ ರಿಜಿಸ್ಟರಿನಲ್ಲಿ ಬರೆದರು: ನೆಗೆಟಿವ್.

ಹಳೆಯ ಕಾಲವಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆತ ಬಾಟಲಿ ಹಿಡಿದು ಬಸ್ಸು ಹತ್ತುತ್ತಿದ್ದ. ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಾದರೂ ಇರಬೇಕು. ಅಷ್ಟಾಗುವ ಹೊತ್ತಿಗೆ ರೋಗ ಶ್ವಾಸಕೋಶದಲ್ಲಿ ಗೂಡು ಕೊರೆದು ಕೂತಿರುತ್ತದೆ. ಬೇಗ ಹಿಡಿಯಬೇಕು ಎಂದು ಎಷ್ಟೇ ಹೇಳಿದರೂ, ನೂರು ವರ್ಷ ನಮ್ಮ ಕೈಯಲ್ಲಿದ್ದದ್ದು ತಡವಾಗಿ ಕಾಣುವ ಕಣ್ಣು. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀನ್ಎಕ್ಸ್‌ಪರ್ಟ್ ಎಂಬ ಯಂತ್ರಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಲೆಕ್ಕ ಬದಲಾಯಿತು. ನಮ್ಮ ಸರ್ಕಾರಿ ಕಡತಗಳಲ್ಲಿ ಅದರ ಹೆಸರು ಸಿಬಿನ್ಯಾಟ್. ರೋಗಾಣುವಿನ ಡಿಎನ್ಎ ತುಣುಕನ್ನೇ ಹಿಗ್ಗಿಸಿ ನೋಡುವುದರಿಂದ ಮಿಲಿಲೀಟರಿಗೆ ನೂರರ ಆಸುಪಾಸಿದ್ದರೂ ಅದಕ್ಕೆ ಸಾಕು. ರಿಫಾಂಪಿಸಿನ್ ಔಷಧಿಗೆ ಈ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಎರಡು ಗಂಟೆಯೊಳಗೆ ಹೇಳುತ್ತದೆ. ಆದರೆ ಅದಕ್ಕೆ ಏಸಿ ಬೇಕು, ಕರೆಂಟು ಕೈಕೊಡಬಾರದು. ತಾಲೂಕಿಗೊಂದು ಇಟ್ಟರೂ ನಮ್ಮ ಹೋಬಳಿಗಳ ಬೇಸಿಗೆಗೆ ಅದು ಹೊಂದುವ ಜೀವವಲ್ಲ.

ಆ ಕೊರತೆ ತುಂಬಿದ್ದು ಗೋವಾದ ಮೋಲ್‌ಬಯೋ ಕಂಪನಿಯ ಟ್ರೂನ್ಯಾಟ್. ಬ್ಯಾಟರಿಯಲ್ಲಿ ಓಡುತ್ತದೆ, ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ಅದೇ ವರ್ಷ ಕೊರೊನಾ ಹುಡುಕಲು ಇದನ್ನೇ ಊರೂರಿಗೆ ಹೊತ್ತರು. ಆ ಗಲಾಟೆಯಲ್ಲಿ ಕ್ಷಯದ ಪರೀಕ್ಷೆಗಳು ದೇಶದಾದ್ಯಂತ ಕುಸಿದದ್ದು ಬೇರೆ ಮಾತು.

ಈ ಕೇಂದ್ರದಲ್ಲಿ ಟ್ರೂನ್ಯಾಟ್ ಇಲ್ಲ. ಹತ್ತಿರದ ಸಮುದಾಯ ಆರೋಗ್ಯ ಕೇಂದ್ರದಲ್ಲಿದೆ. ಆದ್ದರಿಂದ ಎರಡನೆಯ ಡಬ್ಬಿ ಪ್ರಯಾಣ ಹೊರಡಬೇಕು. ಮುಚ್ಚಳಕ್ಕೆ ಟೇಪು, ಮೇಲೆ ಜಿಪ್ ಕವರು, ಅದರ ಸುತ್ತ ಹತ್ತಿ, ತಣ್ಣನೆಯ ಜೆಲ್ ಪ್ಯಾಕು, ಲಸಿಕೆ ಒಯ್ಯುವಂಥದೇ ನೀಲಿ ಪೆಟ್ಟಿಗೆ. ಡಬ್ಬಿಯ ಮೈಮೇಲೆ ನಂಬರು; ಮುಚ್ಚಳದ ಮೇಲೆ ಬರೆದರೆ ಅಲ್ಲಿ ಮುಚ್ಚಳ ಅದಲುಬದಲಾದಾಗ ಒಬ್ಬರ ರೋಗ ಇನ್ನೊಬ್ಬರಿಗೆ ಹೋಗುತ್ತದೆ. ಪೆಟ್ಟಿಗೆ ಹೊತ್ತ ಆಶಾ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾರೆ. ಕೆಎಸ್ಆರ್‌ಟಿಸಿ ಬಂದರೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಖಾಸಗಿ ಬಸ್ಸು ಬಂದರೆ ಕೈಯಿಂದ ದುಡ್ಡು. ಈ ದಾರಿಯಲ್ಲಿ ಖಾಸಗಿಯವೇ ಹೆಚ್ಚು.

“ಏನಮ್ಮಾ ಡಬ್ಬೀಲಿ?” ಕಂಡಕ್ಟರ್ ಕೇಳುತ್ತಾನೆ.

“ಲಸಿಕೆ ಅಣ್ಣ.”

ನಿಜ ಹೇಳಿದರೆ ಸೀಟು ಪೂರ್ತಿ ಖಾಲಿಯಾಗುತ್ತದೆ, ಇಲ್ಲವೇ ಆಕೆಯನ್ನೇ ಇಳಿಸುತ್ತಾರೆ. ಮೂರು ಪದರದೊಳಗಿನ ಕಫಕ್ಕಿಂತ ಹಿಂದಿನ ಸೀಟಿನಲ್ಲಿ ಟವೆಲಿಲ್ಲದೆ ಕೆಮ್ಮುತ್ತಿರುವವರೇ ಅಪಾಯ ಎಂದು ಕಂಡಕ್ಟರಿಗೆ ತಿಳಿಸಿ ಹೇಳುವಷ್ಟು ಹೊತ್ತು ಯಾರಿಗಿದೆ?

ಅಲ್ಲಿ ಕಫವನ್ನು ದ್ರಾವಣ ಹಾಕಿ ನೀರಾಗಿಸಿ, ಒಂದು ಪೆಟ್ಟಿಗೆಯಲ್ಲಿ ಡಿಎನ್ಎ ಬೇರ್ಪಡಿಸಿ, ಉಗುರಿನಗಲದ ಚಿಪ್ಪಿನ ಮೇಲೆ ಹನಿಯಿಡುತ್ತಾರೆ. ಎಲ್ಲ ಸೇರಿ ಒಂದು ಗಂಟೆ. ಚಿಪ್ಪು ದಾಸ್ತಾನಿದ್ದರೆ, ಟೆಕ್ನಿಷಿಯನ್ ರಜೆಯಲ್ಲಿಲ್ಲದಿದ್ದರೆ. ಪತ್ರಿಕಾ ಪ್ರಕಟಣೆಗಳಲ್ಲಿ ಆ ಒಂದು ಗಂಟೆಯಷ್ಟೇ ಇರುತ್ತದೆ. ಸಂತೆಯ ದಿನ ಹೊರಟ ಡಬ್ಬಿಗೆ ಮಾರನೆಯ ದಿನ ಮಧ್ಯಾಹ್ನ ಫಲಿತಾಂಶ ಬಂದರೆ ಇಲ್ಲಿನವರಿಗೆ ಖುಷಿಯೋ ಖುಷಿ. ಬಂತು. ಕ್ಷಯ ಇದೆ. ರಿಫಾಂಪಿಸಿನ್‌ಗೆ ಬಗ್ಗುತ್ತದೆ. ಸೂಕ್ಷ್ಮದರ್ಶಕ ಬಿಟ್ಟುಹಾಕಿದ್ದನ್ನು ಚಿಪ್ಪು ಹಿಡಿದಿತ್ತು.

ತುಮಕೂರಿನ ಪಾಠ ಪೂರ್ತಿ ಹಿಡಿದುಕೊಂಡು ಕೂತರೂ ಸಾಲದು ಎನ್ನುವುದನ್ನು ಇನ್ನೊಂದು ಸಮೀಕ್ಷೆ ಹೇಳಿದೆ. 2019ರಿಂದ 2021ರವರೆಗೆ ದೇಶವ್ಯಾಪಿ ನಡೆದ ಆ ಸಮೀಕ್ಷೆಯಲ್ಲಿ, ಲಕ್ಷಣಗಳಿದ್ದವರಲ್ಲಿ ಸುಮಾರು ಶೇ 64 ಮಂದಿ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಕಾರಣ ಕೇಳಿದರೆ ಬಹುಪಾಲು ಜನರದು ಒಂದೇ ಉತ್ತರ: ಅಷ್ಟೇನೂ ದೊಡ್ಡದು ಅನ್ನಿಸಲಿಲ್ಲ. ಇನ್ನೂ ಗಾಬರಿ ಹುಟ್ಟಿಸುವ ಅಂಕಿ ಮತ್ತೊಂದು: ಎದೆಯ ಎಕ್ಸ್‌ರೇ ತೆಗೆಯದೆ ಲಕ್ಷಣವನ್ನಷ್ಟೇ ಕೇಳಿದ್ದರೆ, ಪತ್ತೆಯಾದ ರೋಗಿಗಳಲ್ಲಿ ಶೇ 42.6ರಷ್ಟು ಜನ ಕೈತಪ್ಪುತ್ತಿದ್ದರು. ಅವರಿಗೆ ಕೆಮ್ಮೇ ಇರಲಿಲ್ಲ, ಇಲ್ಲವೇ ಹೇಳುವಷ್ಟಿರಲಿಲ್ಲ. “ಎಷ್ಟು ದಿನದಿಂದ” ಎಂಬ ಪ್ರಶ್ನೆ ಅವರ ಮುಂದೆ ಸೋಲುತ್ತದೆ. 1963ರ ರೋಗಿ ಬಾಗಿಲಿಗೆ ಬಂದು ವಾಪಸಾಗಿದ್ದ; ಇವರು ಬಾಗಿಲಿಗೇ ಬರುವವರಲ್ಲ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೊರಬೇಕು.

ಹೀಗಾಗಿ ಎಕ್ಸ್‌ರೇ ಮತ್ತೆ ಹಳ್ಳಿಗೆ ಹೊರಟಿದೆ, ಈ ಸಲ ವ್ಯಾನಿಲ್ಲದೆ. ಆ ವಾರವೇ ಗುಡ್ಡದ ಬುಡದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಬಿರ. ಕ್ಯಾಮೆರಾ ಹಿಡಿದಷ್ಟು ಸಲೀಸಾಗಿ ಕೈಯಲ್ಲಿ ಹಿಡಿಯುವ ಯಂತ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎದುರು ಗೋಡೆಗೆ ಫಲಕ ನಿಲ್ಲಿಸಿದ್ದರು. ಸೀಸದ ಏಪ್ರನ್ ತೊಟ್ಟ ರೇಡಿಯೋಗ್ರಾಫರ್ ಹುಡುಗ ಬಿಸಿಲಿಗೆ ಬೆವರಿ ಬಸಿದುಹೋಗಿದ್ದ. 60 ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು, ಕುಡಿಯುವವರು, ತೀರಾ ತೆಳ್ಳಗಿರುವವರು, ಹಿಂದೆ ಕ್ಷಯ ಬಂದು ಹೋದವರು, ರೋಗಿಗಳ ಮನೆಯವರು: ಆಶಾ ಮನೆಮನೆ ಪಟ್ಟಿ ಹಿಡಿದು ಇವರನ್ನು ಕರೆತಂದಿದ್ದರು. 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನಗಳ ಅಭಿಯಾನದಿಂದ ಈ ಪಟ್ಟಿಗೆ ಜೋರು ಬಂದಿದೆ.

ಕುರಿ ಕಾಯುವ ತಾತನೊಬ್ಬ ಸರದಿಯಲ್ಲೇ ಜಗಳ ತೆಗೆದ. “ಎದೆ ಕಲ್ಲಿದ್ದಂಗೈತೆ, ನನಗ್ಯಾಕೆ ಫೋಟೋ?” ಕುರಿಗಳನ್ನು ಮೊಮ್ಮಗನ ಕೈಗೆ ಬಿಟ್ಟು ಬಂದ ಚಿಂತೆ ಅವನಿಗೆ. ಸಕ್ಕರೆ ಕಾಯಿಲೆ ಇದ್ದುದರಿಂದ ಪಟ್ಟಿಯಲ್ಲಿದ್ದ. ಕಂಬಳಿ ತೆಗೆಸಿ, ಗಲ್ಲ ಎತ್ತಿಸಿ, “ಉಸಿರು ಹಿಡಿ ತಾತ” ಅನ್ನುವಷ್ಟರಲ್ಲಿ ಚಿತ್ರ ಲ್ಯಾಪ್‌ಟಾಪಿಗೆ ಬಂತು. ಕಂಪ್ಯೂಟರೇ ಅದನ್ನು ಓದಿ ಬಲ ಮೇಲ್ಭಾಗಕ್ಕೆ ಬಣ್ಣ ಬಳಿದು ಅಂಕ ಕೊಟ್ಟಿತು. 15 ವರ್ಷ ಮೀರಿದವರ ಎಕ್ಸ್‌ರೇ ಓದಲು ಇಂಥ ತಂತ್ರಾಂಶ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಆದರೆ ಆ ಬಣ್ಣ ರೋಗದ ತೀರ್ಪಲ್ಲ. ಹಳೆಯ ಗಾಯದ ಕಲೆಯೂ ಹಾಗೇ ಕಾಣಬಹುದು. ತಾತನ ಕೈಗೂ ಡಬ್ಬಿ ಬಂತು. ಕೆಮ್ಮೇ ಇಲ್ಲದವನಿಂದ ಕಫ ತೆಗೆಸುವುದು ಹೇಗೆ ಎಂದು ಟೆಕ್ನಿಷಿಯನ್‌ನ ಮುಖದಲ್ಲೇ ಬರೆದಿತ್ತು. ಅವರು ಉಪ್ಪುನೀರಿನ ಆವಿ ಕೊಡಿಸಲು ತಾಲೂಕು ಆಸ್ಪತ್ರೆಗೆ ಚೀಟಿ ಬರೆದರು. ತಾತ ಚೀಟಿಯನ್ನು ಪೇಟದೊಳಗೆ ಸಿಕ್ಕಿಸಿಕೊಂಡು ಕುರಿಗಳ ಕಡೆ ಹೋದ. ಆತ ತಾಲೂಕಿಗೆ ಹೋಗುವನೇ? ಆಶಾ ಅವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಂಡರು.

ನಮ್ಮ ಬೆಲ್ಟಿನವನಿಗೆ ಸುದ್ದಿ ಹೇಳಿದ್ದು ಫೋನಿನಲ್ಲಲ್ಲ. ಮನೆಗೆ ಆಶಾ ಒಬ್ಬರೇ ಹೋದರು, ಇಲಾಖೆಯ ಜೀಪು ಬಾಗಿಲಲ್ಲಿ ನಿಂತರೆ ಊರಿಗೇ ಗೊತ್ತಾಗುತ್ತದೆ ಎಂದು. ಆತನ ಚಿಂತೆ ರೋಗದ್ದಾಗಿರಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. “ಯಾರ್ಗೂ ಹೇಳ್ಬೇಡ ಕಣಕ್ಕಾ.” ಆತನ ತಾಯಿಗೆ ಬೇರೆ ಭಯ. ಆಕೆಯ ಕಾಲದಲ್ಲಿ ಈ ಕಾಯಿಲೆ ಅಂದರೆ ಮೈಸೂರಿಗೆ ಸಾಗಿಸಿ ತಿಂಗಳುಗಟ್ಟಲೆ ಮಲಗಿಸುವುದು. ನಾಲ್ವಡಿ ಕೃಷ್ಣರಾಜ ಒಡೆಯರು ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಸ್ಯಾನಟೋರಿಯಂಗೆ ಊರಿಂದ ಹೋದ ಯಾರೋ ಬರಲೇ ಇಲ್ಲ ಎಂಬ ಮಾತು ಮನೆಯಲ್ಲಿ ಉಳಿದಿತ್ತು. ಅರಮನೆಯ ಹೆಣ್ಣುಮಗಳನ್ನೇ ಬಿಡದ ಕಾಯಿಲೆ ಅದು. ಮನೆಯಲ್ಲೇ ಇದ್ದು ಮಾತ್ರೆ ತಿಂದರೂ ಅಷ್ಟೇ ವಾಸಿಯಾಗುತ್ತದೆ ಎಂದು ಮದರಾಸಿನ ಸಂಶೋಧನೆ 1959ರಲ್ಲೇ ತೋರಿಸಿಕೊಟ್ಟಿತು. ಅದನ್ನು ಆ ತಾಯಿಗೆ ಆಶಾ ತಮ್ಮ ಭಾಷೆಯಲ್ಲಿ ಹೇಳಿದರು: “ಎಲ್ಲೂ ಕರ್ಕೊಂಡೋಗಲ್ಲ ಅವ್ವಾ. ಮಾತ್ರೆ ಇಲ್ಲೇ ಬರ್ತವೆ.”

ಆತನ ತೂಕ 46 ಕಿಲೊ. ಆ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ, ಒಂದೊಂದರಲ್ಲೂ ನಾಲ್ಕು ಔಷಧಿ. ಎರಡು ತಿಂಗಳ ಮೇಲೆ ಮೂರು ಔಷಧಿಯವು, ಇನ್ನೂ ನಾಲ್ಕು ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿಡಬೇಕು. ಹೇಳದೆ ಹೋದರೆ ಮೂರನೇ ದಿನಕ್ಕೆ ಮಾತ್ರೆ ತಿಪ್ಪೆ ಸೇರುತ್ತದೆ. ಕ್ಷಯರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್ ಪೋರ್ಟಲಿನಲ್ಲಿ ಹೆಸರು ಏರಿತು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ₹1,000 ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಗಿರಲಿಲ್ಲ. ಆ ಕೆಲಸಕ್ಕೆ ಇನ್ನೊಂದು ದಿನ ಕೂಲಿ ಖೋತಾ.

ಮನೆಯವರೆಲ್ಲರ ತಪಾಸಣೆ ಆಯಿತು. ಹೆಂಡತಿ, ತಾಯಿ, ಮಗಳು ಮೂವರಿಗೂ ರೋಗವಿಲ್ಲ; ರೋಗ ಬಾರದಂತೆ ತಡೆಯುವ ಮಾತ್ರೆಗಳು ಶುರು. ಪಟ್ಟಿ ಮುಚ್ಚುವ ಹೊತ್ತಿಗೆ ತಾಯಿ ಒಂದು ಮಾತು ಹೊರಗೆಡಹಿದಳು. ಹಿರೀ ಮೊಮ್ಮಗ ಇದ್ದಾನೆ, ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ಸಂಕ್ರಾಂತಿಗೆ ಬಂದವನು ಹದಿನೈದು ದಿನ ಅಪ್ಪನ ಪಕ್ಕದಲ್ಲೇ ಮಲಗಿದ್ದ. ಈಗ ಅವನಿಗೂ ಕೆಮ್ಮು ಅಂತ ಫೋನಿನಲ್ಲಿ ಅಂದನಂತೆ.

ಕ್ಷಯ ವಿಭಾಗದ ಮೇಲ್ವಿಚಾರಕರು ಅಲ್ಲಿಂದಲೇ ಫೋನು ಹಚ್ಚಿದರು. ಬೆಂಗಳೂರಿನಲ್ಲಿ ಯಾವ ವಾರ್ಡು, ಯಾವ ಆಸ್ಪತ್ರೆ ಎಂದು ಗೊತ್ತಾದರೆ ಅಲ್ಲಿನವರಿಗೆ ಹೇಳಿ ಡಬ್ಬಿ ಕೊಡಿಸಬಹುದು.

“ಅಡ್ರೆಸ್ ಹೇಳಪ್ಪಾ.”

“ಅಡ್ರೆಸ್ ಎಲ್ಲ ಇಲ್ಲ ಸಾರ್, ಶೆಡ್ಡು. ನಾಗಸಂದ್ರ ಮೆಟ್ರೋ ಇಳ್ಕೊಂಡು ಎಡಕ್ಕೆ.”

“ಎಡಕ್ಕೆ ಎಷ್ಟು ದೂರ? ಹತ್ರ ಏನೈತೆ? ಎಷ್ಟು ಜನ ಇದ್ದೀರ ಶೆಡ್ಡಲ್ಲಿ?”

“ಹನ್ನೊಂದು ಜನ.”

ಮೇಲ್ವಿಚಾರಕರು ಹನ್ನೊಂದು ಎಂದು ಬರೆದುಕೊಂಡು, ಅದರ ಸುತ್ತ ಗೆರೆ ಎಳೆದು, “ಸರಿ, ಮೇಸ್ತ್ರಿ ನಂಬರ್ ಕೊಡು” ಎಂದರು.